ನೇರ ದಾರದಲ್ಲಿ ಬಾಗಿದ ಗೆರೆ

ಹೊಸ ವರ್ಷದ ಶುಭಾಶಯ ಪತ್ರವನ್ನು ಮನೆಯಲ್ಲೇ ಹೊಲಿಯಬಹುದು. ದಪ್ಪ ಡ್ರಾಯಿಂಗ್ ಹಾಳೆಯ ಮೇಲೆ ಲಂಬಕೋನದಲ್ಲಿ ಕೂಡುವ ಎರಡು ಗೆರೆ ಎಳೆಯಿರಿ. ಮೂಲೆಯಿಂದ ಅರ್ಧ ಸೆಂ.ಮೀ. ಅಂತರದಲ್ಲಿ ಎರಡರ ಮೇಲೂ 10 ಚುಕ್ಕೆಯಿಟ್ಟು, ಮೊದಲೇ ಸೂಜಿಯಿಂದ ಚುಚ್ಚಿಕೊಳ್ಳಿ. ತೂತುಗಳು ತೀರಾ ಒತ್ತಾದರೆ ಅಂಚೆಚೀಟಿಯ ಅಂಚಿನಂತೆ ಕಾಗದ ಹರಿದೀತು! ಒಂದು ಗೆರೆಯ 1ನೇ ಚುಕ್ಕೆಯಿಂದ ಇನ್ನೊಂದರ 10ನೆಯದಕ್ಕೆ, 2ರಿಂದ 9ಕ್ಕೆ, ಹೀಗೆ ಬಣ್ಣದ ದಾರ ಎಳೆಯುತ್ತ ಹೋದರೆ ನೇರ ಎಳೆಗಳೇ ಸೇರಿ ಬಾಗಿದ ಗೆರೆಯೊಂದು ಮೂಡುತ್ತದೆ. ಅದೇ ಪರವಲಯ.

ರೇಖಾಗಣಿತ ಮಕ್ಕಳ ಕೈಗೇ ತಿಳಿಯಲೆಂದು ಈ ಹೊಲಿಗೆಯನ್ನು ಬಳಕೆಗೆ ತಂದವರು ಗಣಿತಜ್ಞ ಜಾರ್ಜ್ ಬೂಲ್ ಅವರ ಪತ್ನಿ ಮೇರಿ ಎವರೆಸ್ಟ್ ಬೂಲ್ (1832–1916). ಮಗು ಓದು ಬಿಟ್ಟು ಸೂಜಿ ಹಿಡಿಯಿತೆಂದು ಪಾಲಕರು ಗದರಬೇಕಾಗಿಲ್ಲ. ಪಿ.ಯು.ಸಿ.ಯಲ್ಲಿ ಪರವಲಯದ ಪಾಠ ಬರುವಾಗ ಅದು ಹಳೆಯ ಪರಿಚಯದಂತೆ ಕಂಡೀತು.