ನೆತ್ತರಿನಲ್ಲಿ ಹುಟ್ಟಿದ ಭರವಸೆ

ಇಂಗ್ಲಿಷಿನ ‘ಸ್ಯಾಂಗ್ವಿನ್’ ಎಂಬ ಗುಣವಾಚಕಕ್ಕೆ ಇಂದು ರೂಢಿಯಲ್ಲಿರುವ ಅರ್ಥ ‘ಒಳ್ಳೆಯದೇ ಆದೀತೆಂದು ನಂಬಿರುವ’ ಎಂಬುದು. ಆದರೆ ಪದದ ಬೇರಿರುವುದು ನೆತ್ತರಿನಲ್ಲಿ. ಲ್ಯಾಟಿನ್ನಿನಲ್ಲಿ ‘ಸಾಂಗ್ವಿಸ್’ ಎಂದರೆ ರಕ್ತ. ಅದರಿಂದ ಹುಟ್ಟಿದ ರೂಪ ಫ್ರೆಂಚಿನ ಮೂಲಕ 14ನೇ ಶತಮಾನದಲ್ಲಿ ಇಂಗ್ಲಿಷಿಗೆ ಬಂತು.

ವಾಚ್ಯಾರ್ಥದಲ್ಲಿ ಅದು ರಕ್ತದ ಬಣ್ಣವನ್ನು ಹೇಳುತ್ತದೆ. ಕೆಂಪೇರಿದ ಮುಖಕ್ಕೂ ಈ ವಿಶೇಷಣ ಸಲ್ಲುತ್ತದೆ. ಲಿಯನಾರ್ಡೊ ದ ವಿಂಚಿ ಬಳಸಿದಂಥ ಕೆಂಪು ಸೀಮೆಸುಣ್ಣದ ರೇಖಾಚಿತ್ರಗಳಿಗೂ ಇದೇ ಹೆಸರು. ಬೇರಿನಿಂದ ಕೆಂಪು ರಸ ಒಸರುವ ಉತ್ತರ ಅಮೆರಿಕದ ಗಿಡವೊಂದನ್ನು ಸಸ್ಯವಿಜ್ಞಾನಿಗಳು ‘ಸ್ಯಾಂಗ್ವಿನೇರಿಯ’ ಎಂದು ಕರೆದಿದ್ದಾರೆ.

ಬಣ್ಣದಿಂದ ಸ್ವಭಾವಕ್ಕೆ ಪದವನ್ನು ದಾಟಿಸಿದ್ದು ಹಳೆಯ ವೈದ್ಯಶಾಸ್ತ್ರ. ಹಿಪೊಕ್ರೆಟಿಸ್‌ನ ಪರಂಪರೆಯಲ್ಲಿ ಮೊಳೆತು, ಕ್ರಿ.ಶ. 2ನೇ ಶತಮಾನದ ಗೇಲನ್‌ನಿಂದ ಬಲಗೊಂಡ ಸಿದ್ಧಾಂತದ ಪ್ರಕಾರ ದೇಹದಲ್ಲಿ ನಾಲ್ಕು ದ್ರವಗಳಿವೆ: ರಕ್ತ, ಕಫ, ಹಳದಿ ಪಿತ್ತ, ಕಪ್ಪು ಪಿತ್ತ. ಕಫ ಹೆಚ್ಚಿದವರು ಮಂದಗತಿಯವರು, ಹಳದಿ ಪಿತ್ತದವರು ಮುಂಗೋಪಿಗಳು, ಕಪ್ಪು ಪಿತ್ತದವರು ವಿಷಾದದ ಮನಸ್ಸಿನವರು. ರಕ್ತ ಮೇಲುಗೈಯಾದವರು ಕೆಂಪು ಮೋರೆಯ, ಗೆಲುವಿನ, ಧೈರ್ಯದ ಜನ. ಜೆಫ್ರಿ ಚಾಸರ್ ‘ಕ್ಯಾಂಟರ್‌ಬರಿ ಟೇಲ್ಸ್‌’ನಲ್ಲಿ ಊಟೋಪಚಾರಪ್ರಿಯ ಜಮೀನುದಾರನೊಬ್ಬನನ್ನು ವರ್ಣಿಸಿರುವುದು ಈ ಪದದಿಂದಲೇ. ಗೆಲುವಿನ ಮನುಷ್ಯ ನಾಳೆಯನ್ನು ನಂಬುತ್ತಾನೆ. ಹೀಗೆ ಪದ ಭರವಸೆಯ ಅರ್ಥಕ್ಕೆ ಜಾರಿತು.

1858ರಲ್ಲಿ ರುಡಾಲ್ಫ್ ವಿರ್ಚೋ ರೋಗದ ಮೂಲವನ್ನು ಜೀವಕೋಶಗಳಲ್ಲಿ ತೋರಿಸಿದ ಮೇಲೆ ಆ ಸಿದ್ಧಾಂತ ಮೂಲೆ ಸೇರಿತು. ಪದ ಮಾತ್ರ ಉಳಿಯಿತು. ಈಗ ಅದು ಹೆಚ್ಚಾಗಿ ಕಾಣಸಿಗುವುದು ಆರ್ಥಿಕ, ರಾಜಕೀಯ ಬರಹಗಳಲ್ಲಿ, ಅದೂ ಹಲವು ಸಲ ನಿಷೇಧರೂಪದಲ್ಲಿ: ಮುಂದಿನ ದಿನಗಳ ಬಗ್ಗೆ ತಜ್ಞರು ‘ಸ್ಯಾಂಗ್ವಿನ್’ ಆಗಿಲ್ಲ, ಎಂದರೆ ಅವರಿಗೆ ಅಷ್ಟೇನೂ ಭರವಸೆಯಿಲ್ಲ. ಕೆಲವೊಮ್ಮೆ ‘ಅಗತ್ಯಕ್ಕಿಂತ ಹೆಚ್ಚು ನಂಬಿದ’ ಎಂಬ ಛಾಯೆಯೂ ಇರುತ್ತದೆ.

ಇದೇ ಬೇರಿನ ‘ಸ್ಯಾಂಗ್ವಿನರಿ’ ಎಂದರೆ ರಕ್ತಪಾತದ, ಕ್ರೂರವಾದ. ‘ಕನ್‌ಸ್ಯಾಂಗ್ವಿನಿಯಸ್’ ಎಂದರೆ ರಕ್ತಸಂಬಂಧದ. ಸೋದರಮಾವ, ಅತ್ತೆಯ ಮಗ ಮುಂತಾದ ನೆಂಟರೊಳಗಿನ ಮದುವೆಗಳಿಗೆ ವೈದ್ಯರು ಈ ಪದ ಬಳಸುತ್ತಾರೆ.

ಕನ್ನಡದಲ್ಲಿಯೂ ಸಿಟ್ಟು ಬಂದಾಗ ಪಿತ್ತ ನೆತ್ತಿಗೇರುತ್ತದೆ. ಅಷ್ಟರಮಟ್ಟಿಗೆ ಗ್ರೀಕರ ಲೆಕ್ಕವೂ ನಮ್ಮ ನುಡಿಗಟ್ಟೂ ಕೂಡುತ್ತವೆ. ರಕ್ತದ ವಿಷಯದಲ್ಲಿ ಮಾತ್ರ ದಾರಿ ಬೇರೆ. ನಮ್ಮಲ್ಲಿ ರಕ್ತ ಕುದಿಯುವುದು ಕೋಪಕ್ಕೆ, ಬಿಸಿರಕ್ತ ಯೌವನದ ದುಡುಕಿಗೆ. ಆದ್ದರಿಂದ ‘ಸ್ಯಾಂಗ್ವಿನ್’ ಅನ್ನು ಕನ್ನಡಿಸುವಾಗ ನೆತ್ತರನ್ನು ಬಿಟ್ಟು ‘ಆಶಾವಾದಿ’ ಎನ್ನುವುದೇ ಸರಿ.