ವಾಣಿಜ್ಯ ಲೆಕ್ಕದಲ್ಲಿ ಸ್ಥಿರಾಂಕಗಳ ಘೋಷಣೆ

ಹಿರಿಯೂರು ತಾಲ್ಲೂಕಿನ ವಾಣಿವಿಲಾಸ ಸಾಗರದ ಪೂರ್ಣ ಮಟ್ಟ 130 ಅಡಿ. 1933ರಲ್ಲಿ ಕೋಡಿ ಹರಿದಾಗಲೂ, 89 ವರ್ಷಗಳ ತರುವಾಯ 2022ರಲ್ಲಿ ಮತ್ತೆ ಹರಿದಾಗಲೂ ಈ ಅಂಕಿ ಬದಲಾಗಲಿಲ್ಲ. ಬದಲಾದದ್ದು ನೀರಿನ ಮಟ್ಟ. ಮೊದಲನೆಯದು ಸ್ಥಿರಾಂಕ, ಎರಡನೆಯದು ಚರಾಂಕ. ವ್ಯಾಪಾರದ ಲೆಕ್ಕದಲ್ಲಿಯೂ ಈ ವಿವೇಚನೆ ಅತ್ಯವಶ್ಯ.

ಹೊಸದುರ್ಗದಿಂದ 1,150 ಕ್ವಿಂಟಾಲ್ ಕೊಬ್ಬರಿ ಸಾಗಿಸಬೇಕಾಗಿದೆಯೆಂದು ಭಾವಿಸೋಣ. ಎರಡು ಅಚ್ಚಿನ, ಆರು ಚಕ್ರದ ಲಾರಿಯ ಒಟ್ಟು ತೂಕದ ಮಿತಿಯನ್ನು ಕೇಂದ್ರ ಸರ್ಕಾರವು 2018ರಲ್ಲಿ 16.2 ಟನ್‌ನಿಂದ 18.5 ಟನ್‌ಗೆ ಏರಿಸಿತು. ಖಾಲಿ ಲಾರಿಯ ತೂಕ 6.5 ಟನ್ ಎಂದಿಟ್ಟುಕೊಂಡರೆ ಹಳೆಯ ಮಿತಿಯಲ್ಲಿ 97 ಕ್ವಿಂಟಾಲ್, ಹೊಸದರಲ್ಲಿ 120 ಕ್ವಿಂಟಾಲ್ ಹೇರಬಹುದು. ಅಂದರೆ 12 ಲೋಡುಗಳ ಬದಲು 10 ಸಾಕು. ಲೆಕ್ಕದ ಮೂಲೆಯೊಂದರಲ್ಲಿ ಹಳೆಯ ಅಂಕಿ ಉಳಿದರೆ ಎರಡು ಲೋಡಿನ ಬಾಡಿಗೆ ವ್ಯರ್ಥ. ನೋಂದಣಿ ಪತ್ರದ ಮಿತಿಗಿಂತ ಹೆಚ್ಚಿನ ಅಂಕಿ ಬರೆದರೆ ದಂಡ ತಪ್ಪದು.

ಇಂತಹ ಯೋಜನೆಗಳಿಗಾಗಿಯೇ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ 1985ರಲ್ಲಿ ರಾಬರ್ಟ್ ಫೋರರ್, ಡೇವಿಡ್ ಗೇ ಹಾಗೂ ಬ್ರಯಾನ್ ಕರ್ನಿಗನ್ ಅವರು 'ಎಎಂಪಿಎಲ್' ಎಂಬ ಮಾದರಿ ಭಾಷೆಯನ್ನು ರೂಪಿಸತೊಡಗಿದರು. ಇದರಲ್ಲಿ ಗೊತ್ತಿರುವ ಮೌಲ್ಯವನ್ನು 'ಪ್ಯಾರಾಮ್' ಎಂದೂ, ಕಂಡುಹಿಡಿಯಬೇಕಾದುದನ್ನು 'ವಾರ್' ಎಂದೂ ಮೊದಲೇ ಘೋಷಿಸಬೇಕು. ಸಮೀಕರಣಗಳಲ್ಲಿ ಹೆಸರು ಮಾತ್ರ ಬರುತ್ತದೆ. ಅಂಕಿಗಳನ್ನು ಪ್ರತ್ಯೇಕ ದತ್ತಾಂಶ ಕಡತದಲ್ಲಿ ಇಡಬಹುದು. ಒಂದು ಕ್ವಿಂಟಾಲ್‌ಗೆ 100 ಕಿಲೋ ಎಂಬಂತಹುದನ್ನು ಸಮ ಚಿಹ್ನೆಯಿಂದ ಘೋಷಿಸಿದರೆ ಮುಂದೆ ಅದನ್ನು ಬದಲಿಸಲಾಗದು. ಸರ್ಕಾರದ ಆದೇಶದಿಂದ ಬದಲಾಗಬಹುದಾದ ತೆರಿಗೆ ದರಕ್ಕೆ 'ಡಿಫಾಲ್ಟ್' ಎಂದು ಬರೆದರೆ ತಿದ್ದಲು ಅವಕಾಶವಿರುತ್ತದೆ.

ಘೋಷಣೆಯೊಂದಿಗೆ ನಿರ್ಬಂಧವನ್ನೂ ಸೇರಿಸಬಹುದು. ತೆರಿಗೆ ದರವು ಸೊನ್ನೆಗೂ ಒಂದಕ್ಕೂ ನಡುವೆ ಇರತಕ್ಕದ್ದೆಂದು ಬರೆದಿದ್ದರೆ, 0.18 ಎನ್ನುವಲ್ಲಿ ಕೈತಪ್ಪಿ 18 ಎಂದು ನಮೂದಿಸಿದಾಗ ಗಣಕವು ಲೆಕ್ಕಕ್ಕೆ ಮುನ್ನವೇ ಅದನ್ನು ತಿರಸ್ಕರಿಸುತ್ತದೆ.

ಈ ಭಾಷೆಯನ್ನು ಕಲಿಯದ ವರ್ತಕ ಬಾಂಧವರೂ ಇದರ ನಿಯಮವನ್ನು ಅನುಸರಿಸಬಹುದು. 2025ರ ಸೆಪ್ಟೆಂಬರ್ 22ರಂದು ಸಿಮೆಂಟಿನ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿಯಿತು. ದರವನ್ನು ಎಕ್ಸೆಲ್‌ನ ಒಂದೇ ಕೋಶದಲ್ಲಿ ಇಟ್ಟವರಿಗೆ ಒಂದೇ ತಿದ್ದುಪಡಿ. ಪ್ರತಿ ಸಾಲಿನಲ್ಲಿಯೂ ಬರೆದವರಿಗೆ ನೂರಾರು. ಚಿತ್ರದುರ್ಗದ ಸಗಟು ಅಂಗಡಿಯಿರಲಿ, ಹೊಳಲ್ಕೆರೆಯ ಅಡಿಕೆ ಮಂಡಿಯಿರಲಿ, ದರ, ಮಿತಿ ಹಾಗೂ ಅಳತೆಗಳನ್ನು ಒಂದೇ ಹಾಳೆಯಲ್ಲಿ ಹೆಸರು, ಏಕಮಾನ ಮತ್ತು ಜಾರಿಯ ದಿನಾಂಕದೊಡನೆ ಬರೆದಿಡುವುದು ಲೇಸು.