ಗೆರೆ ಕಲಿಸಿದ ಮನೆಗಳು

ತುಮಕೂರು ಸೀಮೆಯಲ್ಲಿ ಕಲೆಯ ಕಲಿಕೆಯ ಮಾತೆತ್ತಿದರೆ ಗುಬ್ಬಿ ಕಂಪನಿಯ ನೆನಪು ಬಾರದಿರದು. 1884ರಲ್ಲಿ ಹುಟ್ಟಿದ ಆ ನಾಟಕ ಮಂಡಳಿಯಲ್ಲಿ ಪಠ್ಯಕ್ರಮವೆಂಬುದಿರಲಿಲ್ಲ. ಕಂಪನಿಯೊಡನೆ ಊರೂರು ಸುತ್ತಿ, ಸಣ್ಣಪುಟ್ಟ ಪಾತ್ರ ಕಟ್ಟುತ್ತಲೇ ಹುಡುಗರು ನಟರಾದರು. ಕನ್ನಡದ ವ್ಯಂಗ್ಯಚಿತ್ರಕಾರರಿಗೂ ಇಂಥದೊಂದು ಶಾಲೆ ಒದಗಿದ್ದು, ‘ರಾಶಿ’ ಎಂದೇ ಹೆಸರಾದ ವೈದ್ಯ ಡಾ. ಎಂ. ಶಿವರಾಂ ಅವರು 1942ರಿಂದ 1967ರವರೆಗೆ ನಡೆಸಿದ ‘ಕೊರವಂಜಿ’ ಎಂಬ ಹಾಸ್ಯಮಾಸಿಕದಲ್ಲಿ.

ಅದರಲ್ಲಿ ಪಳಗಿದವರ ಪೈಕಿ ಮೈಸೂರಿನ ಆರ್.ಕೆ. ಲಕ್ಷ್ಮಣ್ ಅವರ ಉದಾಹರಣೆ ವಿಶೇಷವಾದುದು. ಮುಂಬಯಿಯ ಜೆ.ಜೆ. ಕಲಾಶಾಲೆ ಅವರಲ್ಲಿ ತಕ್ಕ ಪ್ರತಿಭೆಯಿಲ್ಲವೆಂದು ಪ್ರವೇಶ ನಿರಾಕರಿಸಿತ್ತು; ಮಹಾರಾಜ ಕಾಲೇಜಿನಲ್ಲಿ ಓದುತ್ತಿದ್ದ ಅದೇ ತರುಣನ ಚಿತ್ರಗಳಿಗೆ ‘ಕೊರವಂಜಿ’ ಪುಟ ಬಿಟ್ಟುಕೊಟ್ಟಿತು. ಅಚ್ಚಿನ ಪುಟ ಕಲಿಸುವ ಪಾಠವೇ ಬೇರೆ. ಆಗಿನ ಮುದ್ರಣದಲ್ಲಿ ಚಿತ್ರ ಮೂಡಬೇಕಾದರೆ ‘ಲೈನ್ ಬ್ಲಾಕ್’ ಮಾಡಿಸಬೇಕಿತ್ತು, ಅಂದರೆ ಚಿತ್ರದ ಛಾಯಾಪ್ರತಿಯನ್ನು ಸತುವಿನ ತಗಡಿಗಿಳಿಸಿ, ಗೆರೆಯಿಲ್ಲದ ಭಾಗವನ್ನು ಆಮ್ಲದಿಂದ ಕೊರೆಯಬೇಕಿತ್ತು. ಉಬ್ಬಿ ನಿಂತ ಗೆರೆಯಷ್ಟೇ ಮಸಿ ಹಿಡಿಯುತ್ತಿದ್ದುದರಿಂದ ನಸುಗಪ್ಪಿಗೆ ಅಲ್ಲಿ ಎಡೆಯಿರಲಿಲ್ಲ. ನೆರಳು ಬೇಕೆಂದವನು ಸಣ್ಣ ಗೆರೆಗಳನ್ನು ಸಾಲಾಗಿ ಎಳೆದು, ಅವುಗಳ ಮೇಲೆ ಮತ್ತೊಂದು ಸಾಲನ್ನು ಅಡ್ಡ ಹಾಯಿಸಬೇಕಿತ್ತು. ತೀರ ಒತ್ತಾಗಿ ಎಳೆದರೆ ಮಸಿ ತುಂಬಿಕೊಂಡು ಮುಖವೇ ಕಪ್ಪು ಮುದ್ದೆಯಾಗುತ್ತಿತ್ತು, ತೆಳುವಾಗಿ ಎಳೆದರೆ ಗೆರೆ ಅಲ್ಲಲ್ಲಿ ಕಡಿಯುತ್ತಿತ್ತು. ಎಷ್ಟು ಬಿಟ್ಟರೆ ಎಷ್ಟು ಉಳಿಯುತ್ತದೆಂಬ ಈ ಅಂದಾಜನ್ನು ಯಾವ ಗುರುವೂ ಬಾಯಲ್ಲಿ ಹೇಳಿಕೊಡಲಾರ.

ಈಗ ಆ ಶಾಲೆಯ ಸ್ಥಾನಕ್ಕೆ ಸಮೀಪದಲ್ಲಿರುವುದು ವಿ.ಜಿ. ನರೇಂದ್ರ ಅವರು 2001ರಲ್ಲಿ ಬೆಂಗಳೂರಿನಲ್ಲಿ ಕಟ್ಟಿದ ಭಾರತೀಯ ವ್ಯಂಗ್ಯಚಿತ್ರಕಾರರ ಸಂಸ್ಥೆ. ಟ್ರಿನಿಟಿ ವೃತ್ತದ ಬಳಿಯ ಮಿಡ್‌ಫೋರ್ಡ್ ಗಾರ್ಡನ್‌ನಲ್ಲಿ 2007ರಿಂದ ಅದರ ಗ್ಯಾಲರಿಯಿದ್ದು, ಒಬ್ಬರಾದ ಮೇಲೆ ಒಬ್ಬರಂತೆ ಕಲಾವಿದರ ಪ್ರದರ್ಶನಗಳು ನಡೆಯುತ್ತವೆ. ರಾಜಕೀಯ ವ್ಯಂಗ್ಯಚಿತ್ರಕ್ಕೆ ಬೆಂಗಳೂರಿನ ಕಲಾವಿದೆ ಮಾಯಾ ಕಾಮತ್ ಅವರ ಹೆಸರಿನ ಪ್ರಶಸ್ತಿಯನ್ನೂ ಸಂಸ್ಥೆ ನೀಡುತ್ತ ಬಂದಿದೆ. ವ್ಯಂಗ್ಯಚಿತ್ರಕ್ಕೆಂದೇ ಮೀಸಲಾದ ಗೋಡೆಯೊಂದು ದೇಶದಲ್ಲಿರುವುದೇ ಅಪರೂಪವಾದ್ದರಿಂದ ಈ ಸಾಹಸಕ್ಕೆ ಇನ್ನಷ್ಟು ಆಸರೆ ಸಲ್ಲಬೇಕಾಗಿದೆ.

ಗೋಡೆಗೆ ಏರುವುದು ಮುಗಿದ ಚಿತ್ರವೇ ಹೊರತು ಒಡೆದುಹೋದ ಗೆರೆಯಲ್ಲ. 1983ರಲ್ಲಿ ಆರಂಭವಾದ ‘ಅಪರಂಜಿ’ಯು ‘ಕೊರವಂಜಿ’ಯ ಹಾದಿಯನ್ನು ಮುಂದುವರಿಸಿತಾದರೂ, ಹೊಸಬನ ಅರೆಬೆಂದ ಚಿತ್ರವನ್ನೂ ಅಚ್ಚಿಗೆ ಹಾಕಿ ತಿದ್ದುವಷ್ಟು ವ್ಯವಧಾನ ಇಂದಿನ ಪತ್ರಿಕೆಗಳಲ್ಲಿ ಕಡಿಮೆ. ನೋಟುಪುಸ್ತಕದ ಅಂಚಿನಲ್ಲಿ ಮೇಷ್ಟರ ಮೂಗು ಬರೆಯುವ ತುಮಕೂರು ಸೀಮೆಯ ಕೋರದ ಹುಡುಗ ಬಸ್ಸು ಹತ್ತಿ ಈ ಗ್ಯಾಲರಿಗೆ ಬಂದರೆ ನುರಿತ ಕೈಗಳ ಗೆರೆಯನ್ನು ಮನದಣಿಯೆ ನೋಡಬಹುದು. ತನ್ನ ಚಿತ್ರವನ್ನು ಪ್ರತಿ ತಿಂಗಳೂ ಯಾವ ವಿಳಾಸಕ್ಕೆ ಕಳಿಸಬೇಕೆಂದು ಅವನಿಗೆ ಹೇಳುವವರು ಸಿಗುವುದು ಕಷ್ಟ.